ಕಟ್ಟೆಯ ಅಂಚಿನ ಹತ್ತು ಅಡಿ

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಮಾನ ಇಳಿಯುವಾಗ ಕಿಟಕಿ ಸೀಟು ಸಿಕ್ಕಿದ್ದರೆ ನೀವೂ ನೋಡಿರುತ್ತೀರಿ. ಕೊಲ್ಲಿಯ ಅಂಚಿನಲ್ಲಿ ಗದ್ದೆಯ ಮಡಿಗಳ ಹಾಗೆ ದೊಡ್ಡ ದೊಡ್ಡ ಚೌಕಗಳು. ಒಂದು ಹಸಿರು, ಒಂದು ಕಿತ್ತಳೆ, ಇನ್ನೊಂದು ಇಟ್ಟಿಗೆ ಕೆಂಪು. ನಾನು ಮೊದಲ ಸಲ ಬಂದಾಗ ಪಕ್ಕದ ಸೀಟಿನವರು "ಯಾವುದೋ ಫ್ಯಾಕ್ಟರಿ ನೀರು ಬಿಟ್ಟಿರಬೇಕು" ಅಂದರು. ನನಗೆ ನೋಡಿದ ತಕ್ಷಣ ಗೊತ್ತಾಯಿತು. ಅದು ಉಪ್ಪಿನ ಆಗರ.

ನಾನು ಹುಟ್ಟಿ ಬೆಳೆದಿದ್ದು ಕುಮಟಾ ತಾಲ್ಲೂಕಿನಲ್ಲಿ, ಸಾಣಿಕಟ್ಟಾದ ಹತ್ತಿರ. ಅಪ್ಪ ಬೇಸಿಗೆಯಲ್ಲಿ ಆಗರದ ಕೆಲಸಕ್ಕೆ ಹೋಗುತ್ತಿದ್ದರು, ಮಳೆಗಾಲದಲ್ಲಿ ಗಜನಿ ಗದ್ದೆಗೆ. ಉಪ್ಪುನೀರು, ಸಿಹಿನೀರು ಎರಡೂ ಸೇರುವ ಗದ್ದೆ ಅದು. ಅಲ್ಲಿ ಕಗ್ಗ ಭತ್ತ ಬಿಟ್ಟರೆ ಬೇರೆ ತಳಿ ನಿಲ್ಲುವುದಿಲ್ಲ. ಹಾಗಾಗಿ ಉಬ್ಬರ, ಇಳಿತ, ಕಟ್ಟೆ, ನೀರು ಒಳಗೆ ಬಿಡುವ, ತಡೆಯುವ ಜಂತ್ರಡಿ ಬಾಗಿಲು ಎಲ್ಲವೂ ನನಗೆ ಮನೆ ಮಾತು. ಏಳು ಸಮುದ್ರ ದಾಟಿ ಬಂದರೂ ಕೆಸರಿನ ವಾಸನೆ ಬಿಡಲಿಲ್ಲ ಅಂತ ಹೆಂಡತಿ ಈಗಲೂ ನಗುತ್ತಾಳೆ.

ಈಗ ಮನೆ ಇರುವುದು ಫ್ರೀಮಾಂಟ್‌ನಲ್ಲಿ. ವಾರವಿಡೀ ಸಾಫ್ಟ್‌ವೇರ್ ಟೆಸ್ಟಿಂಗ್. ತಿಂಗಳಲ್ಲಿ ಎರಡು ಶನಿವಾರ ಬೆಳಿಗ್ಗೆ ಡಾನ್ ಎಡ್ವರ್ಡ್ಸ್ ಸ್ಯಾನ್ ಫ್ರಾನ್ಸಿಸ್ಕೊ ಬೇ ರಾಷ್ಟ್ರೀಯ ವನ್ಯಜೀವಿ ಆಶ್ರಯಧಾಮದಲ್ಲಿ ಕಳೆ ಕೀಳುತ್ತೇನೆ. ಇಷ್ಟುದ್ದ ಹೆಸರು ಯಾರೂ ಹೇಳುವುದಿಲ್ಲ. ಸುಮ್ನೆ 'ರೆಫ್ಯೂಜ್' ಅನ್ನುತ್ತೇವೆ. ಸುಮಾರು 30,000 ಎಕರೆ ಜಾಗ. ಈ ಕಡೆ ಫ್ರೀಮಾಂಟ್, ನ್ಯೂವಾರ್ಕ್. ತಳದಲ್ಲಿ ಸ್ಯಾನ್ ಹೋಸೆಗೆ ಸೇರಿದ ಅಲ್ವಿಸೊ. ಆಚೆ ದಡದಲ್ಲಿ ಮೆನ್ಲೊ ಪಾರ್ಕ್, ಅಲ್ಲಿ ಫೇಸ್‌ಬುಕ್ ಕಚೇರಿಯ ಬೆನ್ನಿಗೇ ಇದರ ಒಂದು ತುಂಡು ಅಂಟಿಕೊಂಡಿದೆ. ಕಾಡಿನ ನಡುವೆ ಇರುವ ಅಭಯಾರಣ್ಯ ಅಲ್ಲ ಇದು. ಫ್ರೀವೇ ಸದ್ದು ಇಲ್ಲದ ಮೂಲೆ ಹುಡುಕುವುದೇ ಕಷ್ಟ.

ಕಳೆ ಕೀಳುವುದಕ್ಕೂ ವನ್ಯಜೀವಿ ಕಾಯುವುದಕ್ಕೂ ಏನು ಸಂಬಂಧ? ನನಗೂ ಮೊದಲ ಎರಡು ವರ್ಷ ಸರಿಯಾಗಿ ಗೊತ್ತಾಗಿರಲಿಲ್ಲ.

ಶುರುವಾಗಿದ್ದು 2018ರ ಸೆಪ್ಟೆಂಬರ್‌ನಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಆ ತಿಂಗಳ ಮೂರನೇ ಶನಿವಾರ ಕರಾವಳಿ ಸ್ವಚ್ಛತಾ ದಿನ, 1985ರಿಂದ ನಡೆದುಕೊಂಡು ಬಂದಿದೆ. ಆಫೀಸಿನವರು ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್ ಕೊಟ್ಟು ಕರೆದುಕೊಂಡು ಹೋದರು. ಕೈಗೆ ಗವಸು, ಬಕೆಟ್, ಉದ್ದ ಇಕ್ಕಳ. ಮೂರು ಗಂಟೆಯ ಕೆಲಸ, ಆಮೇಲೆ ಪಿಜ್ಜಾ, ಗ್ರೂಪ್ ಫೋಟೊ. ನಿಜ ಹೇಳಬೇಕು ಅಂದ್ರೆ ನಾನು ಹೋಗಿದ್ದು ಫೋಟೊಗೇ.

ಆದರೆ ಕಸ ಹೆಕ್ಕುತ್ತಾ ಒಂದು ವಿಷಯ ತಲೆಗೆ ಹೊಕ್ಕಿತು. ಸಿಕ್ಕಿದ್ದರಲ್ಲಿ ದೊಡ್ಡ ವಸ್ತು ಕಡಿಮೆ. ಸಿಗರೇಟಿನ ತುಂಡು, ಚಾಕೊಲೇಟ್ ಕವರ್, ಬಾಟಲಿ ಮುಚ್ಚಳ, ಜೋಳದ ಕಾಳಿನಷ್ಟು ಥರ್ಮೊಕೋಲ್ ಚೂರು. ಯಾವುದನ್ನೂ ಯಾರೂ ಅಲ್ಲಿಗೆ ಬಂದು ಎಸೆದಿದ್ದಲ್ಲ. ನಮ್ಮ ಬೀದಿಯ ಚರಂಡಿಗೆ ಬಿದ್ದದ್ದು ಮೊದಲ ಮಳೆಗೆ ತೊರೆ ಸೇರಿ, ತೊರೆಯಿಂದ ಕೊಲ್ಲಿಗೆ ಬಂದಿದೆ. ಅಂದರೆ ನನ್ನ ಮನೆ ಎದುರಿನ ರಸ್ತೆ ಈ ಜಾಗಕ್ಕೆ ಸೇರಿದ್ದೇ. ಮಾರನೇ ತಿಂಗಳು ಕಂಪನಿ ಇಲ್ಲದೆ ಒಬ್ಬನೇ ಹೋದೆ. ಒಂದು ಫಾರ್ಮ್‌ಗೆ ಸಹಿ ಹಾಕಿಸಿಕೊಂಡರು, ಕೈಗೆ ಒಂದು ಚೂರಿ ಕೊಟ್ಟರು.

ಆ ಚೂರಿಯ ಹೆಸರು 'ಹೋರಿ ಹೋರಿ'. ಜಪಾನಿನದಂತೆ. ಒಂದು ಕಡೆ ಗರಗಸದ ಹಲ್ಲು, ಇನ್ನೊಂದು ಕಡೆ ಹರಿತ, ನಡುವೆ ಸ್ವಲ್ಪ ಗುಳಿ. ಬೇರಿನ ಪಕ್ಕ ಇಳಿಸಿ ಮೀಟಿದರೆ ಗಿಡ ಮಣ್ಣು ಸಮೇತ ಎದ್ದು ಬರುತ್ತದೆ. ಹೆಸರು ಕೇಳಿ ನನಗೊಬ್ಬನಿಗೇ ನಗು ಬಂದಿತ್ತು. ಉಳಿದವರಿಗೆ ಹೋರಿ ಅಂದರೆ ನಮ್ಮಲ್ಲಿ ಏನು ಅಂತ ಹೇಳಿದ ಮೇಲೆ ಅವರೂ ನಕ್ಕರು. ಈಗ ಅಲ್ಲಿ ಕೆಲವರು ಅದನ್ನು 'ಬುಲ್' ಅಂತಲೇ ಕರೆಯುತ್ತಾರೆ.

ಮೊದಲ ತಿಂಗಳೇ ನಾನು ಮಾಡಿದ ಎಡವಟ್ಟು ಹೇಳಿಬಿಡುತ್ತೇನೆ. ನಾವು ಕೀಳಬೇಕಾದ ಮುಖ್ಯ ಕಳೆ ಸ್ಟಿಂಕ್‌ವರ್ಟ್. ಮೆಡಿಟರೇನಿಯನ್ ಕಡೆಯ ಗಿಡ. ಕ್ಯಾಲಿಫೋರ್ನಿಯಾದಲ್ಲಿ ಇದು ಮೊದಲು ಕಂಡಿದ್ದು 1984ರಲ್ಲಿ, ಇದೇ ಅಲ್ವಿಸೊ ಹತ್ತಿರ. ಅಲ್ಲಿಂದ ರಸ್ತೆ ಬದಿ ಹಿಡಿದು ರಾಜ್ಯ ತುಂಬಾ ಹರಡಿತು. ಕರ್ಪೂರ ಸುಟ್ಟು ಕೆಟ್ಟ ಹಾಗೆ ವಾಸನೆ, ಮುಟ್ಟಿದರೆ ಅಂಟು ಅಂಟು, ಚಿಕ್ಕ ಹಳದಿ ಹೂ. ಬೇರೆ ಗಿಡಗಳೆಲ್ಲ ಒಣಗಿ ನಿಂತ ಸೆಪ್ಟೆಂಬರ್‌ನಲ್ಲಿ ಇದು ಹಸಿರಾಗಿ ಹೂ ಬಿಡಲು ಶುರು ಮಾಡುತ್ತದೆ. "ಅಂಟು, ಹಳದಿ ಹೂ" ಅಂತ ತಲೆಯಲ್ಲಿ ಇಟ್ಟುಕೊಂಡು ನಾನು ಕಟ್ಟೆಯ ಬುಡದಲ್ಲಿ ಸರಸರ ಕಿತ್ತೆ. ಒಂದು ಬಕೆಟ್ ತುಂಬಿತು. ಹೆಮ್ಮೆಯಿಂದ ತೋರಿಸಿದೆ.

ತಂಡ ನಡೆಸುತ್ತಿದ್ದ ಹುಡುಗಿ ಬಕೆಟ್ ನೋಡಿ ಒಂದು ನಿಮಿಷ ಮಾತಾಡಲಿಲ್ಲ. ನಾನು ಕಿತ್ತಿದ್ದರಲ್ಲಿ ಅರ್ಧ ಗಮ್‌ಪ್ಲಾಂಟ್. ಅದೂ ಅಂಟು, ಅದಕ್ಕೂ ಹಳದಿ ಹೂ. ಆದರೆ ಅದು ಇಲ್ಲಿಯ ನೆಲದ್ದೇ ಗಿಡ. ಅಷ್ಟೇ ಅಲ್ಲ, ಹಿಂದಿನ ಚಳಿಗಾಲ ಇದೇ ಥರದ ಸ್ವಯಂಸೇವಕರು ಮಂಡಿಯೂರಿ ನೆಟ್ಟಿದ್ದ ಸಸಿಗಳು ಅವು. ಬೈಯಲಿಲ್ಲ ಅವಳು. ಎರಡು ಎಲೆ ತೆಗೆದು ನನ್ನ ಅಂಗೈ ಮೇಲೆ ಇಟ್ಟಳು. ಗಮ್‌ಪ್ಲಾಂಟ್ ಎಲೆ ದಪ್ಪ, ಅಗಲ, ಚರ್ಮದ ಹಾಗೆ ಗಟ್ಟಿ. ಮೊಗ್ಗಿನ ಮೇಲೆ ಬಿಳಿ ಗೋಂದು ಸುರಿದ ಹಾಗಿರುತ್ತದೆ. ಸ್ಟಿಂಕ್‌ವರ್ಟ್ ಎಲೆ ಸಪೂರ, ಮೈ ತುಂಬಾ ಸಣ್ಣ ರೋಮ, ಹೂ ಬೆರಳ ಉಗುರಿಗಿಂತ ಚಿಕ್ಕದು. "ಈಗ ಮರೆಯಲ್ಲ ನೀನು" ಅಂದಳು. ಮರೆತಿಲ್ಲ.

ಅದೇ ದಿನ ಎರಡನೇ ಪಾಠವೂ ಆಯಿತು. ಸೆಕೆ ಅಂತ ಅಂಗಿಯ ತೋಳು ಮಡಚಿದ್ದೆ. ಸ್ಟಿಂಕ್‌ವರ್ಟ್‌ನ ಎಣ್ಣೆ ಚರ್ಮಕ್ಕೆ ಆಗುವುದಿಲ್ಲ. ರಾತ್ರಿ ಹೊತ್ತಿಗೆ ಮೊಣಕೈವರೆಗೆ ಕೆಂಪು ಗಂಟು, ತಡೆಯಲಾರದ ತುರಿಕೆ. ಒಂದು ವಾರ ಮೀಟಿಂಗ್‌ಗಳಲ್ಲಿ ಮೇಜಿನ ಕೆಳಗೆ ಕೈ ಇಟ್ಟು ಕೆರೆದುಕೊಂಡೆ. ಅಂದಿನಿಂದ ಎಷ್ಟೇ ಬಿಸಿಲಿದ್ದರೂ ಪೂರ್ತಿ ತೋಳಿನ ಹಳೇ ಅಂಗಿ. ಮನೆಗೆ ಬಂದ ಕೂಡಲೇ ಅದು ಬೇರೆಯಾಗಿ ವಾಷಿಂಗ್ ಮಷಿನ್‌ಗೆ. ಶೂ ತಳವನ್ನು ಅಲ್ಲೇ ಬ್ರಷ್‌ನಲ್ಲಿ ಉಜ್ಜಿ ಕಾರು ಹತ್ತುತ್ತೇನೆ. ಬೀಜಕ್ಕೆ ಹತ್ತಿಯಂಥ ರೆಕ್ಕೆ ಇರುತ್ತದೆ. ಗಾಳಿಗೂ ಹಾರುತ್ತದೆ, ಟಯರಿಗೂ ಅಂಟುತ್ತದೆ. ಅದನ್ನು ಇನ್ನೊಂದು ಊರಿಗೆ ಒಯ್ಯುವ ಸವಾರಿ ನಾನೇ ಆಗಬಾರದಲ್ವಾ.

ಇನ್ನು, ಕಟ್ಟೆಯ ಬುಡಕ್ಕೇ ಯಾಕೆ ಇಷ್ಟು ಒದ್ದಾಟ ಅನ್ನುವ ಪ್ರಶ್ನೆ.

ಈ ಕೊಲ್ಲಿಯ ಸುತ್ತ ಇದ್ದ ಉಬ್ಬರದ ಜೌಗಿನಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಜಾಸ್ತಿ ಹೋಗಿಬಿಟ್ಟಿದೆ. ಸ್ವಲ್ಪ ಊರಾಯಿತು, ಸ್ವಲ್ಪ ಕಸದ ಗುಡ್ಡವಾಯಿತು, ದಕ್ಷಿಣ ತುದಿಯಲ್ಲಿ ಬಹುಪಾಲು ಉಪ್ಪಿನ ಆಗರವಾಯಿತು. ಇಲ್ಲಿ ಉಪ್ಪಿನ ವ್ಯಾಪಾರ 1850ರ ದಶಕದಿಂದ ಇದೆ. ಅದಕ್ಕೂ ಮುಂಚೆ ಇಲ್ಲಿಯ ಮೂಲ ನಿವಾಸಿ ಒಲೋನಿ ಜನ ದಡದಲ್ಲಿ ತಾನಾಗಿ ಕಟ್ಟಿದ ಉಪ್ಪನ್ನು ಎತ್ತಿಕೊಳ್ಳುತ್ತಿದ್ದರು. ಉಳಿದ ಜೌಗಿನಲ್ಲೇ ಎರಡು ಜೀವಗಳು ಹೇಗೋ ಉಸಿರು ಹಿಡಿದುಕೊಂಡಿವೆ. ಒಂದು ರಿಡ್ಜ್‌ವೇಸ್ ರೈಲ್ ಹಕ್ಕಿಯ ಕ್ಯಾಲಿಫೋರ್ನಿಯಾ ಉಪಜಾತಿ. ನಮ್ಮೂರ ತೋಡಿನ ಹುಂಡುಕೋಳಿಯ ಬಳಗದ್ದೇ, ಗಾತ್ರ ಕೋಳಿಯಷ್ಟು. ಹಾರುವುದಕ್ಕಿಂತ ಓಡುವುದೇ ಜಾಸ್ತಿ. ಇನ್ನೊಂದು ಉಪ್ಪುಜೌಗಿನ ಇಲಿ. ತೂಕ ಹತ್ತು ಗ್ರಾಮಿನ ಆಚೀಚೆ. ಹುಲ್ಲಿಗಿಂತ ಉಪ್ಪುಪ್ಪಾದ ಪಿಕಲ್‌ವೀಡ್ ಗಿಡವೇ ಇದಕ್ಕೆ ಊಟ, ಅದೇ ಮನೆ. ಈ ಎರಡೂ ಸಿಗುವುದು ಈ ಕೊಲ್ಲಿಯ ಜೌಗಿನಲ್ಲೇ, ಬೇರೆಲ್ಲೂ ಇಲ್ಲ. 1970ರಿಂದಲೂ ಎರಡೂ ಅಳಿವಿನಂಚಿನ ಪಟ್ಟಿಯಲ್ಲಿವೆ.

ದಿನಾ ಬರುವ ಉಬ್ಬರಕ್ಕೆ ಇವು ಹೆದರುವುದಿಲ್ಲ. ಇಲಿ ಚೆನ್ನಾಗಿ ಈಜುತ್ತದೆ, ಪಿಕಲ್‌ವೀಡಿನ ತುದಿಗೆ ಹತ್ತಿ ಕೂರುತ್ತದೆ. ಆದರೆ ಡಿಸೆಂಬರ್, ಜನವರಿಯ ಅಮಾವಾಸ್ಯೆ ಹುಣ್ಣಿಮೆಗೆ ಬರುವ ದೊಡ್ಡ ಉಬ್ಬರ ಬೇರೆ. 'ಕಿಂಗ್ ಟೈಡ್' ಅನ್ನುತ್ತಾರೆ. ಅವತ್ತು ಜೌಗು ಪೂರ್ತಿ ಮುಳುಗುತ್ತದೆ. ಹಿಂದೆ ನೆಲ ನಿಧಾನಕ್ಕೆ ಏರುತ್ತಾ ಹೋಗುತ್ತಿತ್ತು. ನೀರು ಬಂದ ಹಾಗೆ ಪ್ರಾಣಿಗಳು ಹಿಂದೆ ಹಿಂದೆ ಸರಿದು ಹುಲ್ಲಿನಲ್ಲಿ ಅಡಗುತ್ತಿದ್ದವು. ಈಗ ಜೌಗು ಮುಗಿದ ಕೂಡಲೇ ಕಟ್ಟೆ. ಕಟ್ಟೆಯಾಚೆ ಉಪ್ಪಿನ ಕೊಳ ಇಲ್ಲಾ ಪಾರ್ಕಿಂಗ್ ಲಾಟ್. ನಡುವೆ ಉಳಿದಿರುವುದು ಕಟ್ಟೆಯ ಇಳಿಜಾರಿನ ಹತ್ತು ಅಡಿ, ಕೆಲವು ಕಡೆ ಅಷ್ಟೂ ಇಲ್ಲ. ಆ ಹತ್ತು ಅಡಿಯಲ್ಲಿ ಮರೆ ಇದ್ದರೆ ಜೀವ ಉಳಿಯಿತು, ಬೋಳಾಗಿದ್ದರೆ ಹದ್ದಿಗೆ ಊಟ. ಗಮ್‌ಪ್ಲಾಂಟ್ ಮೊಣಕಾಲೆತ್ತರ, ಒಮ್ಮೊಮ್ಮೆ ಸೊಂಟದೆತ್ತರ ಪೊದೆಯಾಗಿ ಚಳಿಗಾಲದಲ್ಲೂ ನಿಂತಿರುತ್ತದೆ. ಸ್ಟಿಂಕ್‌ವರ್ಟ್ ಚಳಿಗಾಲದ ಹೊತ್ತಿಗೆ ಸತ್ತು ಕಡ್ಡಿಯಾಗುತ್ತದೆ. ನಾನು ಬಕೆಟ್ ತುಂಬಾ ಕಿತ್ತು ತಂದಿದ್ದು ಏನು ಅಂತ ಈಗ ನಿಮಗೂ ಗೊತ್ತಾಯಿತಲ್ಲ.

ಇದನ್ನೆಲ್ಲ ಓದಿ ತಿಳಿದಿದ್ದು ಒಂದು, ಕಣ್ಣಾರೆ ಕಂಡಿದ್ದು ಇನ್ನೊಂದು. 2022ರ ಜನವರಿ 2, ಭಾನುವಾರ, ಅಮಾವಾಸ್ಯೆ. ಹೊಸ ವರ್ಷದ ಪಾರ್ಟಿಯ ನಿದ್ದೆ ಇನ್ನೂ ಕಣ್ಣಲ್ಲಿತ್ತು. ಬೆಳಿಗ್ಗೆ ಹತ್ತಕ್ಕೆ ಹೋಗಿ ಟ್ರೇಲ್ ಮೇಲೆ ದೂರದಲ್ಲಿ ದುರ್ಬೀನು ಹಿಡಿದು ಕೂತೆವು, ನಾಲ್ಕು ಜನ. ಕೊಲ್ಲಿಯ ಬಾಯಿಯಾದ ಗೋಲ್ಡನ್ ಗೇಟ್‌ನಲ್ಲಿ ನೀರು ಏರಿದ ಒಂದೂವರೆ ಎರಡು ಗಂಟೆ ಆದ ಮೇಲೆ ನಮ್ಮ ತುದಿಯಲ್ಲಿ ಏರುತ್ತದೆ. ಕೊಲ್ಲಿ ಇಕ್ಕಟ್ಟಾಗುವುದರಿಂದ ಅಲ್ಲಿಗಿಂತ ಜಾಸ್ತಿಯೇ ಏರುತ್ತದೆ. ಹನ್ನೊಂದರ ಹೊತ್ತಿಗೆ ಜೌಗು ಕಣ್ಣೆದುರೇ ಮಾಯವಾಗತೊಡಗಿತು. ಮೊದಲು ತೋಡುಗಳು ತುಂಬಿದವು. ಆಮೇಲೆ ಪಿಕಲ್‌ವೀಡಿನ ಕೆಂಪು ಚಾಪೆ ತೇಲುವ ಹಾಗೆ ಕಂಡಿತು. ಕೊನೆಗೆ ತುದಿಗಳು ಮಾತ್ರ ಉಳಿದವು, ಅವೂ ಹೋದವು. ಒಂದು ಚೂರೂ ಸದ್ದಿಲ್ಲ. ನಮ್ಮೂರಲ್ಲಿ ನೆರೆ ಬಂದರೆ ಗದ್ದಲ ಇರುತ್ತದೆ. ಇದು ಬೆಕ್ಕಿನ ಹೆಜ್ಜೆ.

ಹಕ್ಕಿಗಳಿಗೆ ಮಾತ್ರ ಇದು ಮೊದಲೇ ಗೊತ್ತು. ಬೆಳ್ಳಕ್ಕಿ, ನೀಲಿ ಬಕಗಳು ಎಲ್ಲಿಂದಲೋ ಬಂದು ಕಟ್ಟೆಯುದ್ದಕ್ಕೂ ಸಾಲಾಗಿ ನಿಂತವು, ಮದುವೆ ಊಟದ ಪಂಕ್ತಿಗೆ ಕೂತ ಹಾಗೆ. ಮೇಲೆ ಹ್ಯಾರಿಯರ್ ಗಿಡುಗ ಒಂದು ಆ ತುದಿಯಿಂದ ಈ ತುದಿಗೆ ತಗ್ಗಿನಲ್ಲಿ ತೇಲುತ್ತಿತ್ತು. ಒಂದು ಬೆಳ್ಳಕ್ಕಿ ಕತ್ತು ಚಾಚಿತು, ಚುಚ್ಚಿತು. ಕೊಕ್ಕಿನಲ್ಲಿ ಕಂದು ಬಣ್ಣದ ಚಿಕ್ಕದೇನೋ ಒದ್ದಾಡಿತು, ಒಂದೇ ಸಲಕ್ಕೆ ಗಂಟಲಿಗಿಳಿಯಿತು. ಅದು ನಮ್ಮ ಇಲಿಯೋ, ಮಾಮೂಲಿ ಇಲಿಯೋ ಅಷ್ಟು ದೂರದಿಂದ ಹೇಳುವ ಹಾಗಿರಲಿಲ್ಲ. ಇಷ್ಟು ವರ್ಷ ಈ ಇಲಿಗೆ ಅಂತ ಕೆಲಸ ಮಾಡಿದ್ದೇನೆ. ನಾನು ಅದನ್ನು ನೋಡಿದ್ದಿದ್ದರೆ ಅದೊಂದೇ ಸಲ, ಅದೂ ಬೆಳ್ಳಕ್ಕಿಯ ಕೊಕ್ಕಿನಲ್ಲಿ. ಅದನ್ನು ಹಿಡಿಯಲು, ಮುಟ್ಟಲು ಪರವಾನಗಿ ಇರುವ ತಜ್ಞರಿಗೆ ಮಾತ್ರ ಅವಕಾಶ. ನಮ್ಮಂಥವರಿಗೆ ಅದು ಕೊನೆತನಕ ಫೋಟೊದಲ್ಲೇ.

ರೈಲ್ ಹಕ್ಕಿ ಮಾತ್ರ ಕಂಡಿತು. ನೀರಿನ ಅಂಚಿಗೆ ಒಂದು ಗಮ್‌ಪ್ಲಾಂಟ್ ಪೊದೆ, ಅದರ ಬುಡದಲ್ಲಿ ಮೈ ಅವುಚಿಕೊಂಡು ಕೂತಿತ್ತು. ಎದೆ ಕಿತ್ತಳೆ ಕಂದು, ಉದ್ದ ಕೊಕ್ಕು ಸ್ವಲ್ಪ ಬಾಗಿದ್ದು. ಗಿಡುಗ ಅದರ ಮೇಲೆಯೇ ಎರಡು ಸಲ ಹಾದುಹೋಯಿತು. ಹಕ್ಕಿ ಅಲ್ಲಾಡಲಿಲ್ಲ. ಅದರ ಪಕ್ಕದ ಬೋಳು ಜಾಗ ನೋಡಿ ಹೊಟ್ಟೆಯಲ್ಲಿ ಏನೋ ಆಯಿತು. 2018ರಲ್ಲಿ ನಾನು ಕಿತ್ತಿದ್ದು ಆ ಕಡೆಯೇ ಎಲ್ಲೋ. ಅಲ್ಲಿ ಮತ್ತೆ ನೆಟ್ಟದ್ದು ಎರಡು ಸಲ ಒಣಗಿತ್ತು.

ಹತ್ತೇ ನಿಮಿಷ ನೋಡಿ ನಾವು ಹಿಂದೆ ಸರಿದೆವು. ಇದು ಹೊಸಬರಿಗೆ ಒಪ್ಪಿಸುವುದು ಬಹಳ ಕಷ್ಟದ ವಿಷಯ. ಕಿಂಗ್ ಟೈಡ್ ದಿನ ದೊಡ್ಡ ಲೆನ್ಸ್ ಹಿಡಿದವರು ತುಂಬಾ ಬರುತ್ತಾರೆ. ಇನ್ನೊಂದು ಹೆಜ್ಜೆ ಹತ್ತಿರ, ಇನ್ನೊಂದು ಹೆಜ್ಜೆ. ಹಕ್ಕಿ ಹೆದರಿ ಪೊದೆ ಬಿಟ್ಟು ಓಡಿದರೆ ಗಿಡುಗ ಕಾದೇ ಇರುತ್ತದೆ. ನಾಯಿ ಬಿಟ್ಟುಕೊಂಡು ಬರುವವರದ್ದೂ ಇದೇ ಕಥೆ. ನನಗೆ ಜನರ ಜೊತೆ ಜಗಳ ಆಡಲು ಬರುವುದಿಲ್ಲ. ದುರ್ಬೀನು ಅವರ ಕೈಗೆ ಕೊಟ್ಟು "ಇಲ್ಲಿಂದಲೇ ಚೆನ್ನಾಗಿ ಕಾಣುತ್ತೆ, ನೋಡಿ" ಅನ್ನುತ್ತೇನೆ. ಹತ್ತರಲ್ಲಿ ಎಂಟು ಜನ ನಿಲ್ಲುತ್ತಾರೆ.

ಗಿಡ ನೆಡುವ ಕೆಲಸದಲ್ಲಿ ನನ್ನ ಊರಿನ ಬುದ್ಧಿ ಪೂರ್ತಿ ಉಲ್ಟಾ ಹೊಡೆಯಿತು. ನಮ್ಮಲ್ಲಿ ಜೂನ್ ತಿಂಗಳೊಂದರಲ್ಲೇ ಬೀಳುವಷ್ಟು ಮಳೆ ಇಲ್ಲಿ ಇಡೀ ವರ್ಷಕ್ಕೆ ಬೀಳುವುದಿಲ್ಲ. ಬಿದ್ದರೆ ಚಳಿಗಾಲದಲ್ಲಿ, ಏಪ್ರಿಲ್ ಕಳೆದರೆ ಅಕ್ಟೋಬರ್‌ವರೆಗೆ ಹನಿ ಇಲ್ಲ. ಹಾಗಾಗಿ ನವೆಂಬರ್‌ನಲ್ಲಿ ಎರಡು ಮಳೆ ಆದ ಮೇಲೆ ನೆಡಲು ಶುರು, ಜನವರಿ ಕೊನೆಗೆ ಜೌಗಿನ ಪಕ್ಕದ ಕೆಲಸ ಬಂದ್. ಯಾಕೆಂದರೆ ಫೆಬ್ರವರಿಯಿಂದ ಆಗಸ್ಟ್‌ವರೆಗೆ ರೈಲ್ ಹಕ್ಕಿಯ ಗೂಡಿನ ಕಾಲ. ಆಗ ಅಲ್ಲಿ ಹೆಜ್ಜೆ ಇಡುವ ಹಾಗಿಲ್ಲ. ಕಳೆ ಎದುರಿಗೇ ಬೆಳೆಯುತ್ತಿದ್ದರೂ ಸುಮ್ಮನೆ ನೋಡಬೇಕು. ಬೇಸಾಯದ ಮನೆಯವನಿಗೆ ಇದಕ್ಕಿಂತ ಹಿಂಸೆ ಇಲ್ಲ.

ಸಸಿಗಳು ನರ್ಸರಿಯಿಂದ ಬೆರಳುದ್ದದ ಕೊಳವೆಯಲ್ಲಿ ಬರುತ್ತವೆ. ಗಮ್‌ಪ್ಲಾಂಟ್, ಆಲ್ಕಲಿ ಹೀತ್, ಉಪ್ಪುಹುಲ್ಲು, ಸ್ವಲ್ಪ ಮೇಲಕ್ಕೆ ಕೊಯೊಟೆ ಬ್ರಷ್. ಬೀಜ ಇದೇ ಕೊಲ್ಲಿಯ ಆಸುಪಾಸಿನದ್ದೇ ಆಗಿರಬೇಕು ಅನ್ನುವುದು ನಿಯಮ. ಕಟ್ಟೆಯ ಮಣ್ಣು ಒಣಗಿದರೆ ಸಿಮೆಂಟು, ಒದ್ದೆಯಾದರೆ ಅಂಟು. ಶುರುವಿನಲ್ಲಿ ನಾನು ಗುಳಿ ತೋಡಿ, ಸಸಿ ಇಟ್ಟು, ನಮ್ಮ ಅಡಿಕೆ ಸಸಿಗೆ ಏರಿ ಕಟ್ಟಿದ ಹಾಗೆ ಬುಡಕ್ಕೆ ಮಣ್ಣು ಏರಿಸುತ್ತಿದ್ದೆ. ನಮ್ಮಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಅದಕ್ಕೆ ಏರಿ. ಇಲ್ಲಿ ಬೇಕಾಗಿರುವುದು ತಟ್ಟೆಯಂತೆ ತಗ್ಗು. ಬಿದ್ದ ನಾಲ್ಕು ಹನಿಯೂ ಬುಡಕ್ಕೇ ಇಳಿಯಬೇಕು. ಬೇರಿನ ಸುತ್ತ ಗಾಳಿ ಉಳಿಯದ ಹಾಗೆ ಅಂಗೈಯಿಂದ ಒತ್ತಿ, ಆಮೇಲೆ ಮೆಲ್ಲಗೆ ಎಳೆದು ನೋಡಬೇಕು. ಕೈಗೆ ಬಂದರೆ ಮತ್ತೆ ನೆಡು. ಇಷ್ಟು ಮಾಡಿದರೂ ಮೊದಲ ವರ್ಷ ನನ್ನ ಸಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಒಣಗಿತು. ಒಣಗದ್ದನ್ನು ನೆಲ ಅಳಿಲು ಬುಡಕ್ಕೇ ಕಡಿಯಿತು. 2020ರಲ್ಲಿ ಕೋವಿಡ್ ಬಂದು ಎಲ್ಲ ನಿಂತಿತು. ತಿಂಗಳುಗಟ್ಟಲೆ ಯಾರೂ ಹೋಗಲಿಲ್ಲ. ಮತ್ತೆ ಹೋದಾಗ ನಮ್ಮ ಜಾಗ ಅಂತ ಗುರುತು ಸಿಕ್ಕಿದ್ದು ಬಣ್ಣ ಮಾಸಿದ ಬಾವುಟದ ಕಡ್ಡಿಯಿಂದ. ಸುತ್ತ ಸೊಂಟದವರೆಗೆ ಸಾಸಿವೆ ಗಿಡ.

ಬಿಟ್ಟುಬಿಡೋಣ ಅನ್ನಿಸಿದ್ದು ಆಗಲೇ. ಬಿಡದೇ ಇದ್ದದ್ದಕ್ಕೆ ದೊಡ್ಡ ಕಾರಣ ಏನೂ ಇಲ್ಲ. ಜೊತೆಗೆ ಬರುವ ಒಬ್ಬ ಹಿರಿಯರು ಫೋನ್ ಮಾಡಿ "ಶನಿವಾರ ನನಗೆ ಕಾರಿಲ್ಲ, ನೀನು ಕರೆದುಕೊಂಡು ಹೋಗುತ್ತೀಯಾ" ಅಂದರು. ಇಲ್ಲ ಅನ್ನಲಾಗಲಿಲ್ಲ. ಆ ಪೀಳಿಗೆಯವರನ್ನು ನೋಡಿದರೆ ಈ ರೆಫ್ಯೂಜ್ ಹೇಗೆ ಹುಟ್ಟಿತು ಅನ್ನುವುದೂ ಅರ್ಥವಾಗುತ್ತದೆ. ಇದು ಮೇಲಿನವರು ಕೊಟ್ಟ ದಾನ ಅಲ್ಲ. 1960ರ ದಶಕದಲ್ಲಿ ಕೊಲ್ಲಿಯನ್ನು ಮಣ್ಣು ತುಂಬಿ ಊರು ಮಾಡುವ ಭರಾಟೆ. 1961ರಲ್ಲಿ ಬರ್ಕ್ಲಿಯ ಮೂವರು ಹೆಂಗಸರು, ಕೇ ಕರ್, ಸಿಲ್ವಿಯಾ ಮೆಕ್‌ಲಾಫ್ಲಿನ್, ಎಸ್ತರ್ ಗುಲಿಕ್, 'ಸೇವ್ ದಿ ಬೇ' ಶುರು ಮಾಡಿದರು. ದಕ್ಷಿಣ ತುದಿಯಲ್ಲಿ ಪಾಲೊ ಆಲ್ಟೊದ ಫ್ಲಾರೆನ್ಸ್ ಲಾರಿವಿಯರ್ ಮತ್ತು ಅಕ್ಕಪಕ್ಕದವರು ಮನೆ ಮನೆ ತಿರುಗಿ, ಸಭೆ ಮಾಡಿ, ಸಂಸದ ಡಾನ್ ಎಡ್ವರ್ಡ್ಸ್ ಬೆನ್ನು ಹತ್ತಿದರು. 1972ರಲ್ಲಿ ಕಾನೂನು ಆಯಿತು. ಅಷ್ಟಕ್ಕೇ ಬಿಡದೆ ಉಳಿದ ಜಾಗಕ್ಕೂ ಹೋರಾಡಿ 1988ರಲ್ಲಿ ಎಲ್ಲೆ ದೊಡ್ಡದು ಮಾಡಿಸಿದರು. 1995ರಲ್ಲಿ ಆ ಸಂಸದರ ಹೆಸರಿಟ್ಟರು. ಅವರ ಹೆಸರಿಟ್ಟಿದ್ದು ಸರಿಯೇ. ಆದರೆ ಕಾಗದ ಹಿಡಿದು ಮನೆ ಬಾಗಿಲು ಬಡಿದವರ ಹೆಸರೂ ಫಲಕದಲ್ಲಿ ಅಷ್ಟೇ ದೊಡ್ಡದಾಗಿ ಇರಬೇಕಿತ್ತು ಅನ್ನುವುದು ನನ್ನ ತಕರಾರು.

ಕಸದ ಕೆಲಸ ನಾನು ಪೂರ್ತಿ ಬಿಟ್ಟಿಲ್ಲ. ವರ್ಷಕ್ಕೆ ಒಂದೆರಡು ಸಲ ಹೋಗುತ್ತೇನೆ. ಶಾಪಿಂಗ್ ಗಾಡಿ, ಟಯರು, ಹುಟ್ಟುಹಬ್ಬದ ಹೊಳೆಯುವ ಬಲೂನು ಎಲ್ಲ ಸಿಕ್ಕಿವೆ. ಒಂದು ಸಲ ತೋಡಿನ ಬದಿಗೆ ಕೆಂಪು ವಸ್ತ್ರ ಸುತ್ತಿದ, ಕುಂಕುಮ ಹಚ್ಚಿದ ತೆಂಗಿನಕಾಯಿ, ಜೊತೆಗೆ ಗಾಜು ಒಡೆದ ದೇವರ ಪಟ ಸಿಕ್ಕಿತು. ಎಲ್ಲರೂ ನನ್ನ ಮುಖ ನೋಡಿದರು. ನಾನು ಹಾಕಿದ್ದಲ್ಲ ಅಂತ ಹೇಳಬೇಕೋ, ಏನು ಅಂತ ವಿವರಿಸಬೇಕೋ ತಿಳಿಯಲಿಲ್ಲ. ಹರಿಯುವ ನೀರಿಗೆ ಬಿಡಬೇಕು ಅನ್ನುವ ನಮ್ಮ ಪದ್ಧತಿ ಅಂತ ಹೇಳಿದೆ. "ಆದರೆ ಇದು ಹರಿಯಲ್ಲವಲ್ಲ, ದಿನಕ್ಕೆ ಎರಡು ಸಲ ವಾಪಸ್ ಬರುತ್ತೆ" ಅಂದ ಒಬ್ಬ ಹೈಸ್ಕೂಲ್ ಹುಡುಗ. ಉತ್ತರ ಕೊಡಲಿಲ್ಲ ನಾನು. ಕಾಯನ್ನು ಬೇರೆ ಚೀಲದಲ್ಲಿ ಹಾಕಿ ಮನೆಗೆ ತಂದು ಹಿತ್ತಲ ಗುಲಾಬಿ ಬುಡಕ್ಕೆ ಹೂತೆ. ಆಮೇಲೆ ಕನ್ನಡದ ಗೆಳೆಯರ ಗುಂಪಿಗೆ ಒಂದು ಉದ್ದ ವಾಟ್ಸಾಪ್ ಮೆಸೇಜ್ ಹಾಕಿದೆ. ಇಬ್ಬರು ಕೈ ಮುಗಿದ ಚಿತ್ರ ಹಾಕಿದರು, ಒಬ್ಬರು ಗುಂಪು ಬಿಟ್ಟರು. ಆದರೂ ಮಾರನೇ ಚೌತಿಗೆ ಮೂರು ಮನೆಯವರು ಮಣ್ಣಿನ ಗಣಪತಿ ತಂದು ಹಿತ್ತಲ ಬಕೆಟ್‌ನಲ್ಲೇ ಬಿಟ್ಟರು.

2023ರ ಅಕ್ಟೋಬರ್‌ನಲ್ಲಿ ಅಪ್ಪ ಬಂದರು, ಆರು ತಿಂಗಳಿಗೆ. ಎರಡನೇ ವಾರಕ್ಕೇ ಬೇಜಾರು. ಒಂದು ದಿನ ರೈಲಿನಲ್ಲಿ ಫ್ರೀಮಾಂಟ್‌ನಿಂದ ಸಾಂತಾ ಕ್ಲಾರಾಕ್ಕೆ ಕರೆದುಕೊಂಡು ಹೋದೆ. ಹಳಿ ಜೌಗಿನ ನಡುವೆಯೇ ಹಾದು ಹೋಗುತ್ತದೆ. ಡ್ರಾಬ್ರಿಜ್ ಅನ್ನುವ ಪಾಳು ಊರು ಬರುತ್ತದೆ. ಅಲ್ಲಿ ಕೊನೆಯ ಮನುಷ್ಯ ಇದ್ದದ್ದು 1979ರವರೆಗೆ. ಮುರಿದ ಮರದ ಮನೆಗಳು ಕೆಸರಿಗೆ ವಾಲಿಕೊಂಡಿವೆ. ಅದರ ಪಕ್ಕದ್ದೇ 'ದ್ವೀಪದ ಕೊಳ' ಅನ್ನುವ ಮೂರು ಹಳೇ ಆಗರಗಳು. 2003ರಲ್ಲಿ ಸರ್ಕಾರ ಕಾರ್ಗಿಲ್ ಕಂಪನಿಯಿಂದ ದಕ್ಷಿಣ ಕೊಲ್ಲಿಯ 15,100 ಎಕರೆ ಆಗರ ಕೊಂಡಿತು, ಮತ್ತೆ ಜೌಗು ಮಾಡುವುದಕ್ಕೆ. ಈ ಮೂರರ ಕಟ್ಟೆ ಒಡೆದದ್ದು 2006ರಲ್ಲಿ.

"ಒಡೆದದ್ದು ಅಂದ್ರೆ? ನೆರೆಗೆ ಒಡೀತಾ?"

"ಇಲ್ಲಪ್ಪ, ಮೆಷಿನ್ ತಂದು ಒಡೆಸಿದರು."

ಅಪ್ಪ ಕಿಟಕಿಗೆ ಮುಖ ಒತ್ತಿ ಬಹಳ ಹೊತ್ತು ನೋಡಿದರು. ರಾತ್ರಿ ಎರಡು ಗಂಟೆಗೆ ಲಾಟೀನು ಹಿಡಿದು ಕಟ್ಟೆ ಕಾದವರು ಅವರು. ಒಂದು ಏಡಿ ತೂತು ಕಂಡರೂ ಊರಿಗೇ ಕೂಗು ಹಾಕಿದವರು. "ದುಡ್ಡು ಕೊಟ್ಟು ಕೊಂಡು, ದುಡ್ಡು ಕೊಟ್ಟು ಒಡೆಸಿದರಾ" ಅಂತ ಮತ್ತೆ ಕೇಳಿದರು. ನಾನು ವಿವರಿಸಿದೆ. ನೂರು ವರ್ಷ ಬಾವಿ ತೋಡಿ ತೋಡಿ ಈ ಕಡೆ ನೆಲ ಕುಸಿದಿದೆ, ಸ್ಯಾನ್ ಹೋಸೆ ಪೇಟೆಯಲ್ಲೇ ಸುಮಾರು 13 ಅಡಿ ಇಳಿದಿದೆ. ಕಟ್ಟೆ ಒಡೆದರೆ ಉಬ್ಬರದ ಜೊತೆ ಹೂಳು ಬಂದು ಕೂರುತ್ತದೆ, ನೆಲ ತಾನೇ ಏರುತ್ತದೆ, ಆಮೇಲೆ ಗಿಡ ಬರುತ್ತದೆ ಅಂತೆಲ್ಲ. ಹೂಳು ಅಂದ ಕೂಡಲೇ ಅವರಿಗೆ ಅರ್ಥವಾಯಿತು. "ಹಂಗಾದ್ರೆ ಸರಿ. ಗೊಚ್ಚು ಬಂದ್ರೆ ಮಾತ್ರ ನೆಲ" ಅಂದರು. ಹದಿನೇಳು ವರ್ಷದಲ್ಲಿ ಆ ಕೊಳಗಳ ತಳ ಏರಿ, ಪಿಕಲ್‌ವೀಡ್ ಹಬ್ಬಿ ಕೆಂಪಾಗಿತ್ತು. ಅದನ್ನು ತೋರಿಸಿದೆ. ಅವರು ಆಗಲೇ ತೋಡು ಎತ್ತ ತಿರುಗಿದೆ ಅಂತ ಬೆರಳಿನಲ್ಲಿ ಗಾಜಿನ ಮೇಲೆ ಗೆರೆ ಎಳೆಯುತ್ತಿದ್ದರು.

ಮುಂದಿನ ಶನಿವಾರ ತಾವೇ ಟೊಪ್ಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಇಂಗ್ಲಿಷ್ ನಾಲ್ಕು ಮಾತು ಬರುತ್ತದೆ, ಅದೂ ಬೇಕಾಗಲಿಲ್ಲ. ಹೋರಿ ಹೋರಿ ಕೈಯಲ್ಲಿ ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. ಕುಕ್ಕರಗಾಲಲ್ಲಿ ಕೂತು, ಎಡಗೈಯಲ್ಲಿ ಗಿಡದ ಬುಡ ನೆಲಕ್ಕೆ ತಾಗಿದಲ್ಲೇ ಹಿಡಿದು, ಒಂದು ಸಲ ಆ ಕಡೆ ಈ ಕಡೆ ತಿರುಚಿ ಮೇಲೆತ್ತಿದರು. ಬೇರು ಪೂರ್ತಿ ಬಂತು. ಮಣ್ಣನ್ನು ಮೊಣಕಾಲಿಗೆ ಬಡಿದು ಉದುರಿಸಿ, ಬೇರು ಬಿಸಿಲಿಗೆ ಮೇಲಾಗುವ ಹಾಗೆ ಮಲಗಿಸಿದರು. ತಂಡದ ಹುಡುಗಿ ಓಡಿ ಬಂದು, ಹೂ ಬಿಟ್ಟಿದ್ದನ್ನು ನೆಲದ ಮೇಲೆ ಬಿಡಬಾರದು, ಕಿತ್ತ ಮೇಲೂ ಬೀಜ ಬಲಿಯುತ್ತದೆ, ಚೀಲಕ್ಕೇ ಹಾಕಬೇಕು ಅಂದಳು. ನಾನು ತರ್ಜುಮೆ ಮಾಡಿದೆ. ಅಪ್ಪ ಅವಳನ್ನು ನೋಡಿ ತಲೆಯಾಡಿಸಿದರು, "ತಿಳಿದವಳು" ಅಂದರು. ಆ ದಿನ ಅವರ ಸಾಲು ನಮ್ಮೆಲ್ಲರಿಗಿಂತ ಮುಂದೆ. ತೋಳು ಮಾತ್ರ ಮಡಚಿಯೇ ಇದ್ದರು, ಎಷ್ಟು ಹೇಳಿದರೂ ಕೇಳಲಿಲ್ಲ. ರಾತ್ರಿ ಏನೂ ಆಗಲಿಲ್ಲ. ಉಪ್ಪಿನಲ್ಲಿ ನೆನೆದ ಚರ್ಮ ಅಂತ ನಕ್ಕರು.

ಹೋಗಬೇಕು ಅನ್ನುವವರಿಗೆ ಒಂದೆರಡು ಮಾತು. ಮಕ್ಕಳನ್ನು ಕರೆದುಕೊಂಡು ಹೋಗಬಹುದು, ಆದರೆ ಹಕ್ಕಿ ತೋರಿಸುತ್ತೇನೆ ಅಂತ ಆಸೆ ಹುಟ್ಟಿಸಬೇಡಿ. ಕೆಸರು ತೋರಿಸುತ್ತೇನೆ ಅನ್ನಿ, ಖುಷಿಯಾಗಿ ಬರುತ್ತವೆ. ಮೂರು ಗಂಟೆಯ ಕೆಲಸಕ್ಕೆ ಎರಡು ಬಾಟಲಿ ನೀರು ಇಟ್ಟುಕೊಳ್ಳಿ, ಜೌಗಿನಲ್ಲಿ ನೆರಳು ಅನ್ನುವುದೇ ಇಲ್ಲ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ. ಹತ್ತು ಜಾಗಕ್ಕೆ ಒಂದೊಂದು ಸಲ ಹೋದರೆ ಫೋಟೊ ಸಿಗುತ್ತದೆ, ಯಾವ ಗಿಡ ಸತ್ತಿತು ಯಾವುದು ಉಳಿಯಿತು ಅಂತ ಗೊತ್ತಾಗುವುದಿಲ್ಲ. ಕೀಳುವ ಮೊದಲು ಗೊತ್ತಿಲ್ಲದ್ದನ್ನು ಕೇಳಿ. ಬಕೆಟ್ ತುಂಬಿಸುವ ಅವಸರ ಬೇಡ, ಯಾಕೆ ಅಂತ ನಿಮಗೀಗ ಗೊತ್ತಲ್ಲ.

ಆ ಬೋಳು ಜಾಗಕ್ಕೆ ಮೂರನೇ ಸಲ ನೆಟ್ಟಿದ್ದು ಅಪ್ಪ ಇದ್ದ ಚಳಿಗಾಲದಲ್ಲಿ. ಅವರು ವಾಪಸ್ ಹೋದ ಮೇಲೆ ಭಾನುವಾರದ ವಿಡಿಯೊ ಕಾಲ್‌ನಲ್ಲಿ ಮೊಮ್ಮಕ್ಕಳ ವಿಷಯ ಆದ ಕೂಡಲೇ ಅದನ್ನೇ ಕೇಳುತ್ತಾರೆ. ಎಷ್ಟು ನಿಂತಿದೆ, ಎಷ್ಟು ಹೋಯಿತು. ಕಳೆದ ಸಲ ಫೋಟೊ ಕಳಿಸಿದ್ದೆ. ಗಮ್‌ಪ್ಲಾಂಟ್ ಮೊಣಕಾಲಿಗೆ ಬಂದಿದೆ, ಎಲ್ಲ ಅಲ್ಲ, ಕೆಲವು. ಫೋಟೊ ದೊಡ್ಡದು ಮಾಡಿ ನೋಡಿದರು ಅಂತ ಕಾಣುತ್ತದೆ.

"ಎಡಗಡೆ ಮೂಲೆಯಲ್ಲಿ ಸಪೂರ ಎಲೆದು ಒಂದಿದೆ, ನೋಡಿದೆಯಾ?"

ನೋಡಿರಲಿಲ್ಲ. ಶನಿವಾರ ಹೋಗಿ ಕಿತ್ತು ಬಂದೆ.